ನೀಲಿ ಬಾಯಿಯ ಮಕ್ಕಳು

ಅತ್ತಿಹಡ್ಲು ಎಸ್ಟೇಟಿನ ಕೂಲಿಗಳ ಸಾಲುಮನೆಯ ಲೈನಿನಲ್ಲಿ ಮಗುವಿನ ಬಾಯಲ್ಲಿ ಹುಣ್ಣಾದರೆ ಅದಕ್ಕೆ ಐದು ಕಾರಣಗಳಿದ್ದವು. ಬಿಸಿಲಿನಿಂದ ಬಂದ ತಾಯಿ ಬೆವರು ಆರುವ ಮೊದಲೇ ಮೊಲೆ ಕೊಟ್ಟದ್ದು, ಬಸುರಿ ಹೆಂಗಸು ಮಗುವಿನ ಊಟ ನೋಡಿದ್ದು, ಹಲ್ಲಿ ಬಿದ್ದ ನೀರು, ನಂಜು, ಮತ್ತು ಅತ್ತೆ. ಐದನೆಯದೇ ಉಳಿದ ನಾಲ್ಕಕ್ಕೂ ಮೂಲ ಎಂಬುದು ಸೊಸೆಯರ ಅಭಿಪ್ರಾಯ. ಕಾರಣ ಯಾವುದಾದರೂ ಮದ್ದು ಒಂದೇ: ಜೇನಿನಲ್ಲಿ ತೇದ ಬಿಳಿಗಾರ, ಜಗಿದು ಉಗಿಯಲು ಸೀಬೆಯ ಚಿಗುರು, ಮತ್ತು ಪಥ್ಯ. ಪಥ್ಯವೆಂದರೆ ಸೊಪ್ಪು ನಂಜು, ಬೇಳೆ ನಂಜು, ಮೊಟ್ಟೆ ನಂಜು, ಮಜ್ಜಿಗೆ ಶೀತ, ಕಿತ್ತಳೆ ಮಹಾಶೀತ. ಎಲ್ಲ ಕಳೆದು ಉಳಿಯುತ್ತಿದ್ದದ್ದು ಗಂಜಿ ಮತ್ತು ಉಪ್ಪು. ಉಪ್ಪು ಹುಣ್ಣಿಗೆ ಉರಿಯುತ್ತದೆಂದು ಕೆಲವರು ಅದನ್ನೂ ಬಿಡಿಸುತ್ತಿದ್ದರು.

ಆಗ ದೊಡ್ಡ ಯುದ್ಧದ ನಾಲ್ಕನೆಯ ವರ್ಷ. ಬರ್ಮಾದ ಅಕ್ಕಿ ನಿಂತುಹೋಗಿ, ಎಸ್ಟೇಟಿನವರು ಕೊಡುವ ಪಡಿ ಅರ್ಧಕ್ಕೆ ಇಳಿದಿತ್ತು. ಆ ಅರ್ಧವೂ ಮಿಲ್ಲಿನಲ್ಲಿ ತೌಡೆಲ್ಲ ಹೋಗಿ ಮಲ್ಲಿಗೆಯಂತೆ ಬೆಳ್ಳಗಾಗಿ ಬರುತ್ತಿತ್ತು. ನೋಡಲು ಚೆಂದ. ಬಣಕಲ್ಲಿನ ಅಂಗಡಿಯವನು ಅದನ್ನು ದೊರೆಗಳ ಅಕ್ಕಿ ಎಂದು ಕರೆದು ಕೂಲಿಗಳ ಮಾನ ಹೆಚ್ಚಿಸಿದ್ದ.

ಎಸ್ಟೇಟಿನ ಡಿಸ್ಪೆನ್ಸರಿಗೆ ಕಂಪೌಂಡರ್ ಆಗಿದ್ದವನು ದಾಮೋದರ, ಕಳಸದ ಕಡೆಯ ಪುರೋಹಿತರ ಮನೆಯವನು. ತಂದೆ ಕಲಿಸಿದ ಮಂತ್ರಗಳಲ್ಲಿ ಅರ್ಧ ಮರೆತು, ಆ ಜಾಗದಲ್ಲಿ ಔಷಧಿಗಳ ಲ್ಯಾಟಿನ್ ಹೆಸರುಗಳನ್ನು ತುಂಬಿಕೊಂಡಿದ್ದ. ಎರಡನ್ನೂ ಒಂದೇ ರಾಗದಲ್ಲಿ ಹೇಳುತ್ತಿದ್ದದ್ದರಿಂದ ರೋಗಿಗಳಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅವನ ಬಳಿ ಮಕ್ಕಳ ಕಾಯಿಲೆಗಳ ಬಗ್ಗೆ ಒಂದು ಇಂಗ್ಲಿಷ್ ಕೈಪಿಡಿ ಇತ್ತು. ಬೆನ್ನು ಕಿತ್ತುಹೋಗಿ, ಗೆದ್ದಲು ತಿಂದು, ಸೂಚಿಯೇ ಇಲ್ಲದ್ದು. ಅದನ್ನು ಅವನು ಮೂರು ಸಲ ಓದಿದ್ದ. ಆ ಸೀಮೆಯಲ್ಲಿ ಯಾವುದೇ ಪುಸ್ತಕವನ್ನು ಒಂದು ಸಲ ಓದಿದವನೂ ಅಪರೂಪ.

ಬಾಯಿಯ ಹುಣ್ಣು ನಾಲ್ಕು ತರಹ ಎಂದು ಅವನು ತಿಳಿದಿದ್ದ. ಎಳೆಗೂಸಿನ ನಾಲಿಗೆಯ ಮೇಲೆ ಒಡೆದ ಹಾಲಿನಂತೆ ಬೆಳ್ಳಗೆ ಕೂರುವುದು ಒಂದು. ಅದಕ್ಕೆ ನೀಲಿ ಮದ್ದು ಹಚ್ಚಿದರೆ ನಾಲ್ಕು ದಿನದಲ್ಲಿ ಹೋಗುತ್ತದೆ. ತುಟಿಯ ಒಳಗೆ ದುಂಡಗೆ, ಸುತ್ತ ಕೆಂಪಾಗಿ ಏಳುವುದು ಎರಡು. ಅದು ಮದ್ದು ಹಾಕಿದರೆ ಒಂದು ವಾರದಲ್ಲಿ, ಹಾಕದಿದ್ದರೆ ಏಳು ದಿನದಲ್ಲಿ ಮಾಯುತ್ತದೆ. ಬಾಯಿಯ ಎರಡು ಕೊನೆಗಳೂ ಬಿರಿದು, ನಾಲಿಗೆ ಸುಲಿದ ಹಾಗೆ ಕೆಂಪಾಗುವುದು ಮೂರು. ಲೈನಿನಲ್ಲಿ ಎಲ್ಲೆಲ್ಲೂ ಇದ್ದದ್ದು ಇದೇ. ಇದಕ್ಕೆ ಮದ್ದು ಹಾಲು, ಬೇಳೆ, ಸೊಪ್ಪು ಎಂದು ಪುಸ್ತಕದಲ್ಲಿತ್ತು. ಡಿಸ್ಪೆನ್ಸರಿಯ ಕಪಾಟಿನಲ್ಲಿ ಅವು ಮೂರೂ ಇರಲಿಲ್ಲ. ಹಾಗಾಗಿ ಅದಕ್ಕೂ ನೀಲಿ ಮದ್ದನ್ನೇ ಹಚ್ಚುತ್ತಿದ್ದ.

ನಾಲ್ಕನೆಯದನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ದಡಾರ ಎದ್ದು ಇಳಿದ, ಹೊಟ್ಟೆಗಿಲ್ಲದ ಮಗುವಿಗೆ ಬರುತ್ತದೆ. ಹಲ್ಲಿನ ಬುಡದ ಒಸಡಿನಲ್ಲಿ ಸಣ್ಣ ಹುಣ್ಣಾಗಿ ಶುರುವಾಗಿ, ಒಂದೇ ಕಡೆಯ ಕೆನ್ನೆ ಊದಿ ಹೊಳೆಯುತ್ತದೆ. ಕೊಳೆತ ವಾಸನೆ ಬರುತ್ತದೆ. ಒಳಗಿನಿಂದ ಕಪ್ಪಾಗುತ್ತ ಬಂದು ಕೆನ್ನೆಯ ಹೊರಗೆ ಮಚ್ಚೆಯಾಗಿ ಕಾಣುತ್ತದೆ. ಹೊರಗೆ ಕಂಡ ಮೇಲೆ ಮಾಡುವುದು ಹೆಚ್ಚೇನಿಲ್ಲ. ಒಳಗಿರುವಾಗಲೇ ಹಿಡಿದರೆ ಕೆಲವರು ಬದುಕುತ್ತಾರೆ. ಆ ಪುಟದ ಅಂಚಿನಲ್ಲಿ ದಾಮೋದರ ಪೆನ್ಸಿಲಿನಿಂದ ಗೀಟು ಹಾಕಿದ್ದ.

ನೀಲಿ ಮದ್ದು ನಿಜವಾಗಿ ನೇರಳೆ ಬಣ್ಣದ್ದು. ಲೈನಿನವರಿಗೆ ಕಪ್ಪು, ಕೆಂಪು, ಬಿಳಿ ಅಲ್ಲದ್ದೆಲ್ಲ ನೀಲಿಯೇ. ಒಂದು ಸಲ ಹಚ್ಚಿದರೆ ಮೂರು ದಿನ ಹೋಗುವುದಿಲ್ಲ. ಮಗು ಚೀರುತ್ತದೆ, ಕಚ್ಚುತ್ತದೆ, ಕಂಪೌಂಡರನ ಅಂಗಿಯೂ ನೀಲಿಯಾಗುತ್ತದೆ. ಮೇಲಾಗಿ ಡಿಸ್ಪೆನ್ಸರಿ ತೆರೆದಿರುತ್ತಿದ್ದದ್ದು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಆ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಅರ್ಧ ಹಾಜರಿ ಹೋಯಿತು. ಹೀಗಾಗಿ ದಿನಕ್ಕೆ ಒಬ್ಬರೋ ಇಬ್ಬರೋ ಬರುತ್ತಿದ್ದರು. ಉಳಿದವರ ಬಾಯಿಯಲ್ಲಿ ಏನಿದೆಯೆಂಬುದು ಅವರವರ ಬಾಯಿಗೇ ಗೊತ್ತು.

ನವೆಂಬರಿನಲ್ಲಿ ದೊರೆಸಾನಿ ಲೈನಿಗೆ ಬಂದಳು. ಎಸ್ಟೇಟಿನ ಮ್ಯಾನೇಜರ್ ದೊರೆಯ ಹೆಂಡತಿ; ಒಳ್ಳೆಯ ಹೆಂಗಸು, ಒಳ್ಳೆಯದನ್ನು ಸಹಿಸಿಕೊಳ್ಳುವುದು ಕಲಿಯದವರಿಗೆ ಸ್ವಲ್ಪ ಕಷ್ಟ. ಒಂದು ಮಗುವಿನ ಬಾಯಿ ತೆರೆಸಿ ನೋಡಿದವಳು ಆ ರಾತ್ರಿ ಊಟ ಮಾಡಲಿಲ್ಲವಂತೆ, ಬಟ್ಲರ್ ಹೇಳಿದ. ಮುಂದಿನ ವಾರವೇ ಪ್ಲಾಂಟರುಗಳ ಹೆಂಡಂದಿರ ಸಂಘದಿಂದ ಹಾಲಿನ ಪುಡಿಯ ನಲವತ್ತು ಟಿನ್ನುಗಳು ಗಾಡಿಯಲ್ಲಿ ಬಂದವು.

"ಹುಣ್ಣು ಇದ್ದ ಮಕ್ಕಳು, ಒಂದೊಂದು ಲೋಟ," ಎಂದಳು ದೊರೆಸಾನಿ, ತನ್ನ ಎಸ್ಟೇಟ್ ಕನ್ನಡದಲ್ಲಿ. "ದಿನಾ ಸಾಯಂಕಾಲ. ಎಲ್ಲರಿಗೆ ಇಲ್ಲ, ಸಾಕಾಗಲ್ಲ. ಹುಣ್ಣು ಇದ್ದವರು ಮಾತ್ರ."

"ಯಾರಿಗೆ ಹುಣ್ಣಿದೆ ಅಂತ ದಿನಾ ನೂರು ಬಾಯಿ ನೋಡೋದು ಹೇಗೆ ಮೇಡಂ?" ಎಂದ ದಾಮೋದರ.

ದೊರೆಸಾನಿ ಯೋಚಿಸಿದಳು. ಮುಖ ಅರಳಿತು. "ನಿನ್ನ ಮದ್ದು ನೀಲಿ ಅಲ್ಲವೋ? ಬಾಯಿ ನೀಲಿ, ಹಾಲು ಕೊಡು. ಬಾಯಿ ನೀಲಿ ಇಲ್ಲ, ಹಾಲು ಇಲ್ಲ."

ಇಷ್ಟು ಸರಳವಾದ, ನ್ಯಾಯವಾದ ಏರ್ಪಾಡು ಆ ಬೆಟ್ಟಗಳಲ್ಲಿ ಹಿಂದೆ ಆಗಿರಲಿಲ್ಲ. ಸಂಜೆ ಐದಕ್ಕೆ, ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಹಂಡೆ ಇಡುವುದು. ಮಕ್ಕಳು ಸಾಲಾಗಿ ನಿಂತು "ಆ" ಎನ್ನುವುದು. ಮೇಸ್ತ್ರಿ ಶೇಷಪ್ಪ ಸೌಟಿನಿಂದ ಲೋಟಕ್ಕೆ ಹುಯ್ಯುವುದು. ಮೊದಲ ದಿನ ಒಂಬತ್ತು ಮಕ್ಕಳು. ವಾರ ಕಳೆಯುವಷ್ಟರಲ್ಲಿ ಇಪ್ಪತ್ತಾರು. ಡಿಸೆಂಬರ್ ಹುಟ್ಟುವ ಹೊತ್ತಿಗೆ ಅರವತ್ತನಾಲ್ಕು.

ದಾಮೋದರನ ಬಾಟಲಿ ಮಾತ್ರ ಅಷ್ಟು ಇಳಿದಿರಲಿಲ್ಲ.

ಅವನಿಗೆ ತಿಳಿಯಲು ಎರಡು ದಿನ ಸಾಕಾಯಿತು. ನೀಲಿ ಮದ್ದು ಒಣಗಿದರೆ ನೊಣದ ರೆಕ್ಕೆಯ ಹಾಗೆ ಹಸುರಾಗಿ ಮಿಂಚುತ್ತದೆ; ಈ ಬಾಯಿಗಳು ಮಿಂಚುತ್ತಿರಲಿಲ್ಲ. ಕುಡಿದಿಟ್ಟ ಲೋಟಗಳ ಅಂಚಿನಲ್ಲಿ ಗುಲಾಬಿ ಬಣ್ಣದ ಗೆರೆ. ಲೈನಿನ ಹಿಂದೆ ಬಚ್ಚಲು ನೀರು ಹರಿಯುವಲ್ಲಿ ಬಸಳೆಯ ಬಳ್ಳಿಗಳು ಹಬ್ಬಿದ್ದವು. ಮಳೆಗಾಲ ಕಳೆದ ಮೇಲೆ ಅವು ತುಂಬ ಹಣ್ಣು ಬಿಟ್ಟಿರುತ್ತವೆ. ಬಣಕಲ್ಲಿನ ಶಾಲೆಯ ಮಕ್ಕಳಿಗೆ ಅದೇ ಶಾಯಿ. ಈಗ ಬಳ್ಳಿಗಳಲ್ಲಿ ಎಲೆಯಿತ್ತು, ಹಣ್ಣಿರಲಿಲ್ಲ. ಎಲೆ ನಂಜು, ತಿನ್ನಿಸುವ ಹಾಗಿಲ್ಲ.

ಇದನ್ನು ಕಂಡುಹಿಡಿದವಳು ಎರಡನೇ ಲೈನಿನ ಸಿದ್ದಮ್ಮ ಎಂದು ಎಲ್ಲರೂ ಹೇಳುತ್ತಿದ್ದರು, ಸಿದ್ದಮ್ಮನೂ ಹೇಳುತ್ತಿದ್ದಳು. ಅವಳ ಮಗನ ಹೆಸರು ಬಸವರಾಜು. ವಯಸ್ಸು ಮೂರು, ತೂಕ ಹದಿನೆಂಟು ಪೌಂಡು.

"ಕಂಪೌಂಡ್ರೇ, ಯಶೋದೆಗೆ ಒಂದೇ ಒಂದು ಬಾಯಲ್ಲಿ ಬ್ರಹ್ಮಾಂಡ ಕಾಣ್ತಂತೆ," ಎಂದ ಶೇಷಪ್ಪ ಒಂದು ಸಂಜೆ, ಸೌಟು ಅಲ್ಲಾಡಿಸುತ್ತ. "ನಮ್ಗೆ ಅರವತ್ನಾಕು ಬಾಯಲ್ಲೂ ಬಸಳೆನೇ ಕಾಣ್ತದಲ್ಲ ಮಾರಾಯ್ರೆ."

"ನಿನಗೆ ಕಣ್ಣು ಸರಿ ಇಲ್ಲ ಶೇಷಪ್ಪ. ಅದು ಮದ್ದು," ಎಂದ ದಾಮೋದರ.

ಶೇಷಪ್ಪ ಅವನನ್ನು ಒಂದು ಗಳಿಗೆ ನೋಡಿದ. ಮೇಸ್ತ್ರಿಯಾದವನು ಅರ್ಥ ಮಾಡಿಕೊಳ್ಳುವ ವೇಗದಲ್ಲಿ ಅರ್ಥ ಮಾಡಿಕೊಂಡ. "ಹೌದ್ರಾ? ಹಂಗಾರೆ ಮದ್ದೇ ಬಿಡಿ. ನಮ್ಗೆಂತಕ್ಕೆ. ಏ ಕೂಸೇ, ಬಾಯಿ ಮುಚ್ಚು, ಎಲ್ಲಾ ಸುರಿದುಹೋಗ್ತದೆ."

ದಾಮೋದರ ಸುಳ್ಳನ್ನು ಯೋಚಿಸಿಯೇ ಹೇಳಿದ್ದ. ಮೂರನೆಯ ತರಹದ ಹುಣ್ಣಿಗೆ ಮದ್ದು ಹಾಲು. ಹಾಲು ಹುಣ್ಣಿದ್ದವರಿಗೆ ಮಾತ್ರ ಎಂದರೆ, ಬಾರದ ಹಾಗೆ ತಡೆಯಬೇಕಾದ್ದನ್ನು ಬರಲಿ ಎಂದು ಕಾಯುವುದು. ಬಸಳೆ ಹಣ್ಣು ಆ ತಪ್ಪನ್ನು ಯಾರಿಗೂ ನೋವಿಲ್ಲದ ಹಾಗೆ ತಿದ್ದಿತ್ತು. ಎರಡು ವಾರದಲ್ಲಿ ಬಿರಿದ ತುಟಿಗಳು ಕೂಡಿಕೊಳ್ಳುತ್ತಿದ್ದವು. ಮಕ್ಕಳು ಮೂಗು ಸೋರಿಸಿಕೊಂಡು ಕಣದಲ್ಲಿ ಓಡಾಡುತ್ತಿದ್ದರು. ಎಂಟು ವರ್ಷದ ನೌಕರಿಯಲ್ಲಿ ಅವನು ಕೊಟ್ಟ ಮದ್ದು ನಿಜವಾಗಿ ಕೆಲಸ ಮಾಡಿದ್ದು ಅದೇ ಮೊದಲು, ಅದೂ ಅವನು ಕೊಡದೆ ಇದ್ದದ್ದರಿಂದ. ಲೈನಿನ ಹೆಂಗಸರು ಅವನನ್ನು ಶುದ್ಧ ಪೆದ್ದನೆಂದು ತಿಳಿದರು. ಒಳ್ಳೆಯ ಕೆಲಸ ಮಾಡುತ್ತಿರುವವನಿಗೆ ಇದಕ್ಕಿಂತ ಅನುಕೂಲವಾದ ಹೆಸರಿಲ್ಲ. ಅವನು ಅದನ್ನು ಹಾಗೆಯೇ ಬಿಟ್ಟ.

ಮೂರನೇ ಲೈನಿನ ಹುಚ್ಚಮ್ಮನೂ ಹಾಗೆಯೇ ತಿಳಿದಿದ್ದಳು. ಗಂಡ ಲಕ್ಕಯ್ಯ ಅತ್ತಿಗುಂಡಿಯ ಕಡೆ ಮರ ಸೀಳುವ ಕೆಲಸಕ್ಕೆ ಹೋದವನು ಸುಗ್ಗಿ ಕಳೆಯದೆ ಬರುವವನಲ್ಲ. ಅವಳಿಗೆ ಒಬ್ಬಳೇ ಮಗಳು, ನಾಲ್ಕು ವರ್ಷದ ದೇವೀರಿ. ಬೆಟ್ಟದ ದೇವೀರಮ್ಮನಿಗೆ ಹರಕೆ ಹೊತ್ತು ಪಡೆದದ್ದು. ನವೆಂಬರಿನಲ್ಲಿ ಲೈನಿಗೆ ದಡಾರ ಬಂದು ಹೋಗಿತ್ತು. ದೇವೀರಿಗೆ ಜೋರಾಗಿಯೇ ಎದ್ದು ಇಳಿದಿತ್ತು. ಆಮೇಲೆ ಅವಳು ಊಟಕ್ಕೆ ಮುಖ ತಿರುಗಿಸುತ್ತಿದ್ದಳು. ಹಾಲಿನ ಸಾಲಿನಲ್ಲಿ ಮಾತ್ರ ತಾಯಿಯ ಸೆರಗು ಹಿಡಿದು ನಿಲ್ಲುತ್ತಿದ್ದಳು. ಬಾಯಿಗೆ ಬಸಳೆ ಉಳಿದವರಿಗಿಂತ ದಪ್ಪವಾಗಿ ಬಳಿದಿರುತ್ತಿತ್ತು.

ಡಿಸೆಂಬರಿನ ಮೂರನೇ ವಾರ ಅವಳ ಕೆಳಗಿನ ಒಸಡಿನಲ್ಲಿ ಹುಣ್ಣು ಕಂಡಿತು. ಹುಚ್ಚಮ್ಮ ಬಿಳಿಗಾರ ಹಚ್ಚಿದಳು. ಬಾಯಿ ನಾರತೊಡಗಿದಾಗ ಲವಂಗ ಜಜ್ಜಿ ಇಟ್ಟಳು. ಡಿಸ್ಪೆನ್ಸರಿಗೆ ಹೋಗೆಂದು ಪಕ್ಕದ ಲೈನಿನ ಸಿದ್ದಮ್ಮನೇ ಹೇಳಿದಳು, ಆಮೇಲೆ ತಾನೇ ತಡೆದಳು.

"ಹೋಗಿ ಬಾಯಿ ತೆರೆಸ್ತೀಯಲ್ಲ, ತೊಳೆದು ನೋಡ್ತಾನೆ ಕಣೆ. ಇಷ್ಟು ದಿನ ಹಚ್ಚಿದ್ದು ಬಸಳೆ ಅಂತ ಗೊತ್ತಾದ್ರೆ ನಿನ್ ಮಗಿಂದು ಒಂದೇ ಅಲ್ಲ, ಎಲ್ಲಾರ ಹಾಲೂ ಹೋಯ್ತು."

"ನಾರ್ತದೆ ಕಣೆ ಸಿದ್ದಿ."

"ನಾರದೇನು! ಈ ಸುಗ್ಗಿಲಿ ನಾರದೇ ಇರದು ಯಾವುದು ಹೇಳು."

ಅದು ನಿಜ. ಪಲ್ಪರ್ ಮನೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದು, ಬೀಜವನ್ನು ತೊಟ್ಟಿಯಲ್ಲಿ ಹುಳಿಯಲು ಬಿಟ್ಟಿದ್ದರು. ಸಿಪ್ಪೆಯ ಗುಡ್ಡೆ ಹಳ್ಳದ ದಂಡೆಯಲ್ಲಿ ಕೊಳೆಯುತ್ತಿತ್ತು. ಡಿಸೆಂಬರಿನಲ್ಲಿ ಆ ಎಸ್ಟೇಟಿಗೆ ಕಾಲಿಟ್ಟವನ ಮೂಗು ಮೊದಲ ದಿನ ಸತ್ತರೆ ಬದುಕುವುದು ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆಗೆ.

ದೊರೆಸಾನಿ ಅಷ್ಟರಲ್ಲಿ ಅರವತ್ತನಾಲ್ಕು ಎಂಬ ಸಂಖ್ಯೆಯಿಂದ ಹೆದರಿ, ಇದು ಸಾಂಕ್ರಾಮಿಕವಿರಬೇಕೆಂದು ಮೂಡಿಗೆರೆಯ ಡಾಕ್ಟರಿಗೆ ಹೇಳಿಕಳಿಸಿದಳು. ಹದಿನೈದು ದಿನಕ್ಕೊಮ್ಮೆ ಎಸ್ಟೇಟುಗಳನ್ನು ಸುತ್ತುತ್ತಿದ್ದ ಡಾಕ್ಟರ್ ಚನ್ನಕೇಶವ ಗುರುವಾರ ಸಂಜೆ ಬಂದರು. ಪೆಟ್ರೋಲು ಸಿಗದ ಕಾಲ. ಅವರ ಕಾರು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು, ಅದರ ಅನಿಲದಿಂದ ಓಡುತ್ತಿತ್ತು. ಕತ್ತಲಾಗುವ ಮೊದಲು ಘಟ್ಟ ಇಳಿಯದಿದ್ದರೆ ಒಲೆ ಆರಿ ದಾರಿಯಲ್ಲೇ ಮಲಗಬೇಕು. ಅವರ ಒಂದು ಕಣ್ಣು ಮಕ್ಕಳ ಬಾಯಿಯ ಮೇಲೆ, ಇನ್ನೊಂದು ಕಾರಿನ ಹೊಗೆಯ ಮೇಲೆ.

ಆ ಸಂಜೆ ದಾಮೋದರನಿಗೆ ಒಂದೇ ಭಯ. ಡಾಕ್ಟರು ಒಂದು ಬಾಯಿಯನ್ನು ಹತ್ತಿಯಿಂದ ಒರೆಸಿದರೆ ಹತ್ತಿ ಗುಲಾಬಿಯಾಗುತ್ತದೆ. ಹಾಲು ಅಲ್ಲಿಗೆ ಮುಗಿಯಿತು. ಅವನು ನಿಜವಾಗಿ ಹುಣ್ಣಿದ್ದ ಐದು ಮಕ್ಕಳನ್ನು ಸಾಲಿನ ಮುಂದೆ ನಿಲ್ಲಿಸಿದ. ಡಾಕ್ಟರು ಅವರನ್ನು ಚೆನ್ನಾಗಿ ನೋಡಿದರು. ಆಮೇಲೆ ದಾಮೋದರ ಪಕ್ಕದಲ್ಲಿ ನಿಂತು, "ಇದೂ ಅದೇ ಸಾರ್, ಹಚ್ಚಿದೆ. ಇದೂ ಅದೇ. ಮಾಯ್ತಾ ಬಂದಿದೆ ಸಾರ್," ಎಂದು ಮಂತ್ರ ಹೇಳಿದ ಹಾಗೆ ಹೇಳುತ್ತ ಸಾಲನ್ನು ಓಡಿಸಿದ.

ದೇವೀರಿಯ ಸರದಿ ನಲವತ್ತರ ಮೇಲೆ ಎಲ್ಲೋ ಬಂತು. ಅವಳು ಬಾಯಿ ತೆರೆಯಲಿಲ್ಲ. ಎಡಗೆನ್ನೆ ಒಂದಿಷ್ಟು ಊದಿದ ಹಾಗಿತ್ತು.

"ಏನಮ್ಮ, ಕಡುಬು ಇಟ್ಕೊಂಡಿದೀಯ ಬಾಯಲ್ಲಿ?" ಎಂದರು ಡಾಕ್ಟರು. "ಆ ಅನ್ನು."

ಅವಳು ಬೆರಳು ದಪ್ಪ ತೆರೆದಳು. ಒಳಗೆಲ್ಲ ಬರೀ ನೇರಳೆ.

"ಇವಳಿಗೆ ನಿನ್ನೆಯೇ ಹಚ್ಚಿದೆ ಸಾರ್," ಎಂದ ದಾಮೋದರ.

ಹುಚ್ಚಮ್ಮ ತಲೆ ತಗ್ಗಿಸಿದಳು. ಡಾಕ್ಟರು ಮುಂದಿನ ಮಗುವಿನ ಗಲ್ಲ ಹಿಡಿದರು. ಕಾರಿನ ಒಲೆಯ ಹತ್ತಿರ ನಿಂತಿದ್ದವನು, "ಸಾರ್, ಬೆಂಕಿ ಕೂತುಹೋಗ್ತದೆ," ಎಂದು ಕೂಗಿದ. ದೇವೀರಿಯ ಪಾಲಿನ ಲೋಟವನ್ನು ಹುಚ್ಚಮ್ಮ ಮನೆಗೆ ಒಯ್ದಳು. ಇಲ್ಲಿ ಎಲ್ಲರೆದುರು ಕುಡಿಯಲು ಮಗುವಿಗೆ ನಾಚಿಕೆ ಎಂದಳು.

ಹೊರಡುವಾಗ ಡಾಕ್ಟರು ದಾಮೋದರನ ಭುಜ ತಟ್ಟಿದರು. "ಚೆನ್ನಾಗಿ ನೋಡ್ಕೊಂಡಿದೀರಿ. ಅರವತ್ತು ಕೇಸು, ಒಂದೂ ಕೆಟ್ಟಿಲ್ಲ."

ಶನಿವಾರ ಸಂಜೆ ಹುಚ್ಚಮ್ಮ ಮಗಳ ಎಡಗೆನ್ನೆಯ ಮೇಲೆ ಕಾಲಾಣೆಯಷ್ಟಗಲ ಒಂದು ಕಲೆ ಕಂಡಳು. ಬಸಳೆ ರಸ ಹೊರಗೆ ತಗುಲಿದೆ ಎಂದುಕೊಂಡಳು. ನೀರು ಹಾಕಿ ಉಜ್ಜಿದಳು. ಸೀಗೆಪುಡಿ ಹಾಕಿ ಉಜ್ಜಿದಳು. ಮಗು ಅಳಲಿಲ್ಲ, ಹಿಂದಿನ ದಿನದವರೆಗೆ ಮುಟ್ಟಿದರೆ ಚೀರುತ್ತಿದ್ದ ಕೆನ್ನೆ ಅದು. ನೋವು ಹೋಯಿತೆಂದು ಅವಳಿಗೆ ಸಮಾಧಾನವೂ ಆಯಿತು. ಆಮೇಲೆ ನಿಂಬೆ ಹೋಳು ತಂದು ಉಜ್ಜಿದಳು. ಕಲೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ನೋಡಿದಾಗ ಅದು ಬೆಳ್ಳಿ ರೂಪಾಯಿಯಷ್ಟಾಗಿತ್ತು.

ಭಾನುವಾರ ಡಿಸ್ಪೆನ್ಸರಿಗೆ ರಜ. ಅವಳು ಮಗುವನ್ನು ಕಂಬಳಿಯಲ್ಲಿ ಸುತ್ತಿ ದಾಮೋದರನ ಕ್ವಾರ್ಟರ್ಸಿನ ಬಾಗಿಲಿಗೇ ಬಂದಳು.

"ಅಯ್ಯಾ, ಇದೊಂದು ಕಲೆ ತೆಗೆದುಕೊಡಿ. ಎಂಥ ಹಾಕಿದ್ರೂ ಹೋಗದಿಲ್ಲ."

ಅವಳು ಕಂಬಳಿ ಸರಿಸಿದಾಗ ವಾಸನೆ ಹೊರಬಂತು. ಪಲ್ಪರ್ ಮನೆಯ ಗಾಳಿ ಅಲ್ಲಿಗೆ ಬರುತ್ತಿರಲಿಲ್ಲ. ದಾಮೋದರ ಸ್ಪಿರಿಟಿನಲ್ಲಿ ಹತ್ತಿ ಅದ್ದಿ ಬಾಯಿಯ ಒಳಗನ್ನು ಒರೆಸಿದ. ಹತ್ತಿ ಗುಲಾಬಿಯಾಯಿತು, ಇನ್ನೊಂದು ಹತ್ತಿ, ಇನ್ನೊಂದು. ಬಣ್ಣವೆಲ್ಲ ಬಂದ ಮೇಲೆ ಒಳಗೆ ಉಳಿದದ್ದು ಕಪ್ಪು. ಅದು ಒರೆಸಿದರೆ ಹೋಗುವಂಥದ್ದಲ್ಲ. ಅವನು ಪುಸ್ತಕ ತೆರೆಯಲು ಹೋಗಲಿಲ್ಲ.

"ಬಣಕಲ್ಲಿಗೆ ನಡಿ," ಎಂದ. "ಬಸ್ಸು ಸಿಕ್ಕಿದರೆ ಚಿಕ್ಕಮಗಳೂರು."

"ಇವತ್ತಾ? ಹಾಲಿಗೆ ಬರದೆ ಇದ್ರೆ ಹೆಸರು ತೆಗೀತಾರೇನೋ."

"ತೆಗೆಯಲ್ಲ. ನಡಿ."

ದಾಮೋದರನೂ ಜೊತೆಗೆ ಹೊರಟ. ಬಸ್ಸೂ ಇದ್ದಿಲದ್ದೇ. ಏರು ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕು. ಮೂರನೇ ಸಲ ಇಳಿದವರು ಮತ್ತೆ ಹತ್ತುವಾಗ ಹುಚ್ಚಮ್ಮನ ಸುತ್ತ ನಾಲ್ಕು ಸೀಟು ಖಾಲಿ ಬಿಟ್ಟರು. ಕಾಫಿ ಮೂಟೆಯ ಮೇಲೆ ಕೂತಿದ್ದ ಒಬ್ಬ ಮೂಗಿಗೆ ಟವಲು ಹಿಡಿದು, "ಎಂಥದಮ್ಮ ಅದು ಗಂಟಲ್ಲಿ, ಒಣಮೀನಾ?" ಎಂದ. ಯಾರೋ ನಕ್ಕರು. ಹುಚ್ಚಮ್ಮ ಕಂಬಳಿಯನ್ನು ಇನ್ನಷ್ಟು ಬಿಗಿದಳು. ಅದು ಮಗು ಎಂದು ಗೊತ್ತಾದ ಮೇಲೆ ಆ ಮನುಷ್ಯ ಮೂಡಿಗೆರೆಯವರೆಗೆ ಕಿಟಕಿಯಿಂದ ಹೊರಗೇ ನೋಡುತ್ತಿದ್ದ. ಇಳಿಯುವಾಗ ಅವಳ ಪಕ್ಕದಲ್ಲಿ ಎರಡು ಕಿತ್ತಳೆ ಇಟ್ಟು ಹೋದ.

ದೊಡ್ಡಾಸ್ಪತ್ರೆಯಲ್ಲಿ ತಮ್ಮಿಂದಾದದ್ದನ್ನೆಲ್ಲ ಮಾಡಿದರು. ಸತ್ತ ಮಾಂಸ ಕತ್ತರಿಸಿ ತೆಗೆದರು. ನೊರೆ ಬರುವ ನೀರಿನಿಂದ ತೊಳೆದರು. ಮಿಲಿಟರಿಗೆ ಹೋಗಿ ಉಳಿದಿದ್ದ ಹೊಸ ಮಾತ್ರೆಗಳಲ್ಲಿ ಆರನ್ನು ಎಲ್ಲಿಂದಲೋ ತಂದು ಪುಡಿಮಾಡಿ ಹಾಕಿದರು. ಮೂಗಿನ ನಳಿಗೆಯಿಂದ ಹಾಲು ಇಳಿಸಿದರು. ಅಲ್ಲಿನ ಹಿರಿಯ ಡಾಕ್ಟರು ದಾಮೋದರನನ್ನು ಕರೆದು, ಒಳಗೆ ಕಪ್ಪು ಯಾವಾಗ ಕಾಣಿಸಿತು ಎಂದು ಕೇಳಿದರು. ಇವತ್ತು ಎಂದ. ಮೂರು ದಿನದ ಹಿಂದೆ, ಗುರುವಾರದ ಹೊತ್ತಿಗೇ ಇದ್ದಿರಬೇಕಲ್ಲ, ಬಾಯಿ ನೋಡಲಿಲ್ಲವೆ ಎಂದರು. ನೋಡಿದೆವು ಎಂದ. ಗುರುವಾರ ತಂದಿದ್ದರೆ ಬದುಕುತ್ತಿದ್ದಳೆ ಎಂದು ಅವನು ಕೇಳಿದ. ಡಾಕ್ಟರು ಪ್ರಾಮಾಣಿಕರು. "ಹತ್ತರಲ್ಲಿ ಇಬ್ಬರೋ ಮೂವರೋ ಬದುಕ್ತಾರೆ. ಇವಳು ಅವರಲ್ಲಿ ಒಬ್ಬಳಾಗ್ತಿದ್ದಳೋ ಇಲ್ಲವೋ ಹೇಗೆ ಹೇಳಲಿ?" ಎಂದರು. ಅದರಿಂದ ಸಮಾಧಾನ ಪಡಲೂ ಆಗುವುದಿಲ್ಲ, ಅಳಲೂ ಆಗುವುದಿಲ್ಲ.

ಸೋಮವಾರ ಆಸ್ಪತ್ರೆಯ ಜಗಲಿಯಲ್ಲಿ ಹುಚ್ಚಮ್ಮ ಗೋಡೆಗೆ ಒರಗಿ ಕೂತಿದ್ದಳು. ದಾಮೋದರ ಎರಡು ಹೆಜ್ಜೆ ದೂರದಲ್ಲಿ ಕೂತ.

"ಅಯ್ಯಾ, ಬೈಯ್ಯದಾದ್ರೆ ಬೈರಿ," ಎಂದಳು. "ಅದು ನಿಮ್ಮ ಮದ್ದಲ್ಲ. ಬಸಳೆ."

"ಗೊತ್ತಿತ್ತು."

ಅವಳು ತಿರುಗಿ ನೋಡಿದಳು. "ಯಾವಾಗಿಂದ?"

"ಮೊದಲಿಂದ. ಎಲ್ಲರದ್ದೂ ಗೊತ್ತಿತ್ತು."

ಜಗಲಿಯ ಕೊನೆಯಲ್ಲಿ ಯಾರೋ ಕೆಮ್ಮುತ್ತಿದ್ದರು.

"ನಿಮ್ಗೆ ಗೊತ್ತಿಲ್ಲ ಅಂತ್ಲೇ ನಾನು ಕರ್ಕೊಂಡು ಬರ್ಲಿಲ್ಲ," ಎಂದಳು. "ಗೊತ್ತು ಅಂತ ಒಂದು ಮಾತು ಅಂದಿದ್ರೆ ಮಾರನೇ ದಿನ್ವೇ ತಂದು ತೋರಿಸ್ತಿದ್ದೆ. ನೀವು ಎಂಥ ಜನ ಮಾರಾಯ್ರೆ."

ಬುಧವಾರ ಮಧ್ಯಾಹ್ನ ದೇವೀರಿ ತೀರಿಕೊಂಡಳು. ಲಕ್ಕಯ್ಯನಿಗೆ ಸುದ್ದಿ ಮುಟ್ಟಿದ್ದು ನಾಲ್ಕು ದಿನದ ಮೇಲೆ. ಹುಚ್ಚಮ್ಮ ಎಸ್ಟೇಟಿಗೆ ಮರಳದೆ ಅವನಿದ್ದ ಬೆಟ್ಟದ ಕಡೆಗೇ ಹೋದಳು. ಅವಳ ಕೊಡ, ಒರಳು, ಚಾಪೆ ಮೂರನೇ ಲೈನಿನಲ್ಲೇ ಉಳಿದವು.

ಸಾವಿನ ಕಾರಣದ ಜೊತೆಗೆ ಬಾಯಿಗೆ ಬಳಿದಿದ್ದ ಹಣ್ಣಿನ ಬಣ್ಣವನ್ನೂ ಬರೆದಿದ್ದ ಆಸ್ಪತ್ರೆಯ ಕಾಗದದಿಂದ ಬಸಳೆಯ ಕಥೆ ಬಂಗಲೆ ತಲುಪಿತು. ದೊರೆಸಾನಿ ಅತ್ತಳು, ಅದರಲ್ಲಿ ನಟನೆಯಿರಲಿಲ್ಲ. ಅತ್ತ ಮೇಲೆ ದಾಮೋದರನನ್ನು ಕರೆಸಿದಳು.

"ನಿನಗೆ ಸುಳ್ಳು ಬಣ್ಣ ಗೊತ್ತು ಇತ್ತೋ?"

ಗೊತ್ತಿತ್ತು ಎಂದರೆ ಇವತ್ತೇ ಮೂಟೆ ಕಟ್ಟಬೇಕು. ಆಮೇಲೆ ಡಿಸ್ಪೆನ್ಸರಿಯಲ್ಲಿ ಒಂಬತ್ತರಿಂದ ಹನ್ನೊಂದರವರೆಗೂ ಯಾರೂ ಇರುವುದಿಲ್ಲ. "ಇಲ್ಲ ಮೇಡಂ," ಎಂದ. ಹುಚ್ಚಮ್ಮನಿಗೆ ಹೇಳಿದ ನಿಜಕ್ಕೂ ದೊರೆಸಾನಿಗೆ ಹೇಳಿದ ಸುಳ್ಳಿಗೂ ಫಲ ಒಂದೇ, ಯಾವುದೂ ಯಾರಿಗೂ ಉಪಯೋಗಕ್ಕೆ ಬರಲಿಲ್ಲ.

ಆದರೂ ಅವನು ಒಂದು ಪ್ರಯತ್ನ ಮಾಡಿದ. "ಮೇಡಂ, ಎಲ್ಲ ಮಕ್ಕಳಿಗೂ ಕೊಡಬೇಕು. ಅರ್ಧ ಲೋಟವಾದರೂ ಸರಿ. ಹುಣ್ಣು ಬಾರದಿರಲಿ ಅಂತ ಕೊಡೋ ಮದ್ದು ಇದು. ಎಲ್ಲರಿಗೂ ಕೊಟ್ಟರೆ ಯಾರೂ ಬಣ್ಣ ಬಳಿಯೋದಿಲ್ಲ."

"ಹುಣ್ಣು ಇಲ್ಲ, ಹಾಲು ಯಾಕೆ?" ಎಂದಳು ದೊರೆಸಾನಿ. ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. "ಸುಳ್ಳು ಮಕ್ಕಳು ಹಾಲು ಕುಡಿದರು. ನಿಜ ಮಗು ಸತ್ತಿತು. ಇನ್ನು ನಿಜ ಮಾತ್ರ."

ಮರುದಿನದಿಂದ ಹೊಸ ಕ್ರಮ. ಪ್ರತಿ ಬಾಯಿಯನ್ನೂ ಸ್ಪಿರಿಟಿನ ಹತ್ತಿಯಿಂದ ಒರೆಸಿ ನೋಡುವುದು. ಹುಣ್ಣು ಕಣ್ಣಿಗೆ ಕಂಡವರಿಗೆ ಮಾತ್ರ ನೀಲಿ ಮದ್ದು, ನೀಲಿ ಮದ್ದಿದ್ದವರಿಗೆ ಮಾತ್ರ ಲೋಟ. ಕಣದ ಮೂಲೆಯಲ್ಲಿ ಗುಲಾಬಿ ಹತ್ತಿಯ ರಾಶಿ ಬಿತ್ತು. ಒಂದು ತಿಂಗಳು ಹಾಲು ಕುಡಿದಿದ್ದರಿಂದ ಹೆಚ್ಚಿನವರ ಬಾಯಿ ಮಾಯ್ದು ಚೊಕ್ಕವಾಗಿತ್ತು. ಅವರಿಗೆ ಗುಣವಾದದ್ದೇ ಅಪರಾಧವಾಯಿತು. ಅರವತ್ತಮೂರರಲ್ಲಿ ನಾಲ್ವರು ಉಳಿದರು. ಮಿಕ್ಕ ಟಿನ್ನುಗಳನ್ನು ಸಂಘದ ಮುಂದಿನ ತೀರ್ಮಾನದವರೆಗೆ ಬಂಗಲೆಯ ಕಪಾಟಿನಲ್ಲಿ ಬೀಗ ಹಾಕಿ ಇಟ್ಟರು. ಶೇಷಪ್ಪ ಹಂಡೆ ಬಿಟ್ಟು ತಂಬಿಗೆ ತಂದ.

ಜನವರಿಯ ಎರಡನೇ ವಾರ, ಬೆಳಿಗ್ಗೆ ಒಂಬತ್ತು ಹೊಡೆಯುವುದಕ್ಕೂ ಮೊದಲು, ಸಿದ್ದಮ್ಮ ಡಿಸ್ಪೆನ್ಸರಿಯ ಮೆಟ್ಟಿಲ ಮೇಲೆ ಕೂತಿದ್ದಳು. ಅರ್ಧ ಹಾಜರಿ ಬಿಟ್ಟು ಬಂದಿದ್ದಳು. ಬಸವರಾಜು ಮಡಿಲಲ್ಲಿ ಬಾಯಿ ತೆರೆದುಕೊಂಡೇ ಇದ್ದ, ಮುಚ್ಚಿದರೆ ನೋವು. ಜೊಲ್ಲು ಎದೆಯವರೆಗೂ ಹರಿದಿತ್ತು.

"ಹುಣ್ಣಾಗಿದೆ ಅಯ್ಯ," ಎಂದಳು. "ನಿಜವಾದ್ದು. ಒರೆಸಿ ನೋಡಿ ಬೇಕಾರೆ."

ದಾಮೋದರ ಒರೆಸಿದ. ಬಣ್ಣ ಬರಲಿಲ್ಲ. ಒಳಗೆನ್ನೆಯ ಮೇಲೆ ಹೆಬ್ಬೆರಳಗಲ ಚರ್ಮ ಬೆಳ್ಳಗೆ ಬೆಂದು ಕಿತ್ತುಬಂದಿತ್ತು. ಅಂಚು ನೇರ, ಹಚ್ಚಿದ ಬೆರಳಿನ ಆಕಾರದ್ದು. ಪುಸ್ತಕದ ನಾಲ್ಕು ತರಹದಲ್ಲಿ ಇದು ಇರಲಿಲ್ಲ. ಎಲೆಅಡಿಕೆ ಹಾಕುವಾಗ ಸುಣ್ಣ ಹೆಚ್ಚಾದರೆ ದೊಡ್ಡವರ ಬಾಯಲ್ಲಿ ಹೀಗಾಗುವುದನ್ನು ಅವನು ಎಷ್ಟೋ ಸಲ ನೋಡಿದ್ದ.

ಅವನು ಸಿದ್ದಮ್ಮನ ಮುಖ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಹೊರಗೆ ಇನ್ನೂ ಮೂವರು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕಾಫಿ ಗಿಡಗಳ ಸಾಲಿನಿಂದ ಮೇಲಕ್ಕೆ ಬರುತ್ತಿದ್ದರು.

"ಎಷ್ಟು ಹಚ್ಚಿದೆ?" ಎಂದು ಕೇಳಿದ.

ಅವಳು ತಡೆದು, "ಕಡ್ಲೆಕಾಳಷ್ಟು," ಎಂದಳು.

ದಾಮೋದರ ಕುಂಚವನ್ನು ನೀಲಿಯಲ್ಲಿ ಅದ್ದಿದ. ಮಗು ಅದನ್ನು ನೋಡಿಯೇ ಚೀರಲು ಶುರು ಮಾಡಿತು.

"ಜಾಸ್ತಿಯಾಯ್ತು," ಎಂದ. "ಸಾಸಿವೆಕಾಳಷ್ಟು ಸಾಕು. ಕೆನ್ನೆಯ ಒಳಗೆ ಬೇಡ, ತುಟಿಯ ಒಳಗೆ ಹಚ್ಚು, ನನಗೆ ಕಾಣೋ ಕಡೆ. ಅವರಿಗೂ ಹೇಳು. ಈಗ ತಲೆ ಗಟ್ಟಿಯಾಗಿ ಹಿಡ್ಕೋ."